ತೊಲೆಗೆ ನಾರಿನ ಕಟ್ಟು

ಮನೆಗೆ ವಯಸ್ಸಾಯಿತೆಂಬ ಸುದ್ದಿಯನ್ನು ಮೊದಲು ತಿಳಿಸುವುದು ಅದರ ತೊಲೆ. ಗೋಡೆಯ ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಬಾಗಿಲು ಜಗ್ಗಿದರೆ ಬಡಗಿಯನ್ನು ಕರೆಯಬಹುದು. ಆದರೆ ತಲೆಯ ಮೇಲಿರುವ ಕಾಂಕ್ರೀಟಿನ ತೊಲೆಯ ಉದ್ದಕ್ಕೂ ಒಂದು ಬಿರುಕು ಮೂಡಿ, ಅದರ ಅಂಚಿನಿಂದ ಕಂದು ಬಣ್ಣದ ಕಲೆ ಇಳಿದು, ಒಂದು ದಿನ ಅಂಗೈಯಗಲದ ಚಕ್ಕೆ ಕಳಚಿ ನೆಲಕ್ಕೆ ಬಿದ್ದಿತೆಂದರೆ ಮನೆಮಂದಿಯ ನಿದ್ರೆ ಹಾರಿಹೋಗುತ್ತದೆ. ಮೇಸ್ತ್ರಿಯನ್ನು ಕೇಳಿದರೆ ಆತ ಎರಡರಲ್ಲೊಂದು ಮಾತು ಹೇಳುತ್ತಾನೆ: ಮೇಲೆ ಸಿಮೆಂಟು ಸವರಿ ಮುಚ್ಚಿಬಿಡೋಣ, ಇಲ್ಲವೇ ಮೋಲ್ಡನ್ನೆಲ್ಲ ಒಡೆದು ಹೊಸದಾಗಿ ಹಾಕೋಣ. ಮೊದಲನೆಯದು ರೋಗವನ್ನು ಮುಚ್ಚಿಡುವ ದಾರಿ. ಎರಡನೆಯದು ಮಧ್ಯಮ ವರ್ಗದ ಸಂಸಾರಕ್ಕೆ ಜೀವಮಾನದ ಉಳಿತಾಯವನ್ನೇ ಕೇಳುವ ದಾರಿ. ಇವೆರಡರ ನಡುವೆ ಮೂರನೆಯ ದಾರಿ ಇಲ್ಲವೇ?

ಇದೆ. ಅದರಲ್ಲಿ ಒಂದು ಕವಲು ನಮ್ಮ ಗೋಣಿಚೀಲದ ನಾರಿನವರೆಗೂ, ಅಡಿಕೆಯ ಸಿಪ್ಪೆಯವರೆಗೂ ಬಂದು ಮುಟ್ಟುತ್ತದೆ. ಕೆಟ್ಟ ತೊಲೆಯ ಹೊಟ್ಟೆಗೆ ಸೆಣಬಿನ ಬಟ್ಟೆಯನ್ನು ಅಂಟಿನಿಂದ ಬಿಗಿದು ಅದಕ್ಕೆ ಮತ್ತೆ ಬಲ ಕೊಡಬಹುದೆಂದರೆ ಕೇಳಿದವರಿಗೆ ನಗು ಬರಬಹುದು. ಉಕ್ಕು ಸೋತಲ್ಲಿ ಹುಲ್ಲು ಗೆಲ್ಲುವುದುಂಟೇ? ಆದರೆ ಹುಲ್ಲನ್ನು ಹೊಸೆದು ಹಗ್ಗ ಮಾಡಿದರೆ ಆನೆಯನ್ನೂ ಕಟ್ಟಬಹುದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರಿಯ ನೀತಿಯ ಮಾತಲ್ಲ. ಅದು ಕಟ್ಟಡದ ಶಾಸ್ತ್ರವೂ ಹೌದು. ಈ ಕಥೆಯನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಕಟ್ಟಡದಲ್ಲಿ ನಾರಿನ ಬಳಕೆ ಉಕ್ಕಿನ ಬಳಕೆಗಿಂತ ಸಾವಿರಾರು ವರ್ಷ ಹಳೆಯದು. ಮಣ್ಣಿನ ಗೋಡೆ ಹಾಕುವವರು ಮಣ್ಣಿಗೆ ನೀರು ಬೆರೆಸಿ, ಭತ್ತದ ಹುಲ್ಲನ್ನು ಕತ್ತರಿಸಿ ಹಾಕಿ, ಚೆನ್ನಾಗಿ ತುಳಿದು ಹದಮಾಡುತ್ತಿದ್ದುದನ್ನು ಮಲೆನಾಡಿನ ಹಿರಿಯರು ಬಲ್ಲರು. ಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಹುಲ್ಲಿನ ಎಳೆ ಆ ಬಿರುಕಿಗೆ ಅಡ್ಡಲಾಗಿ ನಿಂತು ಎರಡು ದಡಗಳನ್ನೂ ಹಿಡಿದಿಡುತ್ತದೆ. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆಯಲ್ಲಿಯೂ ನಡೆಯುವುದು ಇದೇ ಕೆಲಸ. ಎಲ್ಲೋರದ ಗುಹೆಗಳ ಮಣ್ಣಿನ ಗಾರೆಯಲ್ಲಿ ಭಂಗಿ ಗಿಡದ ನಾರು ಬೆರೆತಿರುವುದನ್ನು ಭಾರತೀಯ ಪುರಾತತ್ತ್ವ ಇಲಾಖೆಗೆ ಸೇರಿದ ವಿಜ್ಞಾನಿಯೊಬ್ಬರೂ ಸಸ್ಯಶಾಸ್ತ್ರಜ್ಞರೊಬ್ಬರೂ ಸೇರಿ 2016ರಲ್ಲಿ ಪ್ರಕಟಿಸಿದರು. ಸಾವಿರ ವರ್ಷಕ್ಕೂ ಮೀರಿ ಆ ಗಾರೆ ಉಳಿದು ಬಂದುದಕ್ಕೆ ಈ ನಾರೂ ಒಂದು ಕಾರಣವೆಂದು ಅವರು ಕಂಡುಕೊಂಡರು. ನಾರು ಬೇಗ ಕೊಳೆಯುವ ವಸ್ತುವೆಂಬ ನಮ್ಮ ಎಣಿಕೆಯನ್ನು ಈ ಒಂದು ಸಂಗತಿಯೇ ಸ್ವಲ್ಪ ತಿದ್ದಬೇಕು.

ಆದರೆ ಹಳೆಯ ಕಟ್ಟಡದಲ್ಲಿ ನಾರು ಇದ್ದುದು ಗೋಡೆಯಲ್ಲಿ, ಗಾರೆಯಲ್ಲಿ. ತೊಲೆಯಾಗಿ ನಿಲ್ಲುತ್ತಿದ್ದುದು ಇಡಿಯ ಮರ. ಶಿವಮೊಗ್ಗೆಯಲ್ಲಿ ತುಂಗೆಯ ದಡದ ಬಳಿ, ಶಿವಪ್ಪ ನಾಯಕನ ಹೆಸರು ಹೊತ್ತು ನಿಂತಿರುವ ಅರಮನೆಯನ್ನು ನೋಡಿದವರಿಗೆ ಅಲ್ಲಿನ ಮರದ ಕಂಬಗಳ ಗಾತ್ರ ನೆನಪಿನಲ್ಲಿ ಉಳಿದೇ ಇರುತ್ತದೆ. ಆ ಮರವೂ ಒಂದು ನಾರಿನ ಕಟ್ಟೇ. ಪ್ರಕೃತಿಯೇ ಎಳೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ, ನಡುವೆ ತನ್ನದೇ ಅಂಟನ್ನು ತುಂಬಿ, ಎಳೆತವನ್ನೂ ಒತ್ತಡವನ್ನೂ ತಾಳುವಂತೆ ಮಾಡಿಟ್ಟ ತೊಲೆ ಅದು.

ಮರದ ಜಾಗಕ್ಕೆ ಸಿಮೆಂಟು ಬಂದುದು ತೀರ ಇತ್ತೀಚೆಗೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬ ಇಟ್ಟಿಗೆ ಕೆಲಸಗಾರ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದುದು 1824ರಲ್ಲಿ. ಸಿಮೆಂಟು, ಮರಳು, ಜಲ್ಲಿ ಸೇರಿದ ಕಾಂಕ್ರೀಟು ಕಲ್ಲಿನಂತೆ ಒತ್ತಡವನ್ನು ತಾಳುತ್ತದೆ. ಎಳೆದರೆ ಮಾತ್ರ ಅದರ ಹತ್ತನೆಯ ಒಂದು ಪಾಲಿನಷ್ಟು ಬಲಕ್ಕೇ ಬಿರಿದುಹೋಗುತ್ತದೆ. ತೊಲೆಯೊಂದರ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಹಿಗ್ಗುವ ಆ ಕೆಳಭಾಗಕ್ಕೆ ಬೇರೊಂದು ಬಲ ಬೇಕು. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ತನ್ನ ಗಿಡದ ಕುಂಡಗಳು ಒಡೆಯದಿರಲೆಂದು ಸಿಮೆಂಟಿನೊಳಗೆ ಕಬ್ಬಿಣದ ತಂತಿಯ ಬಲೆಯನ್ನು ಹುದುಗಿಸಿ 1867ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಅದೇ ದೇಶದ ಫ್ರಾಂಸ್ವಾ ಎನಬೀಕ್ 1892ರಲ್ಲಿ ಕಂಬ, ತೊಲೆ, ಹಲಗೆಗಳೆಲ್ಲ ಒಂದಾಗಿ ಎರಕಗೊಂಡ ಇಡಿಯ ಕಟ್ಟಡದ ಪದ್ಧತಿಯನ್ನು ರೂಪಿಸಿದ. ಕಬ್ಬಿಣವೂ ಕಾಂಕ್ರೀಟೂ ಬಿಸಿಲಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಈ ದಾಂಪತ್ಯ ಕೂಡಿಬಂದಿತು. ಗೋಡೆಯ ಹುಲ್ಲು ಮಾಡುತ್ತಿದ್ದ ಕೆಲಸವನ್ನು ಕಬ್ಬಿಣದ ಸರಳು ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು.

ನಮ್ಮ ದೇಶದಲ್ಲಿ ಸಿಮೆಂಟಿನ ತಯಾರಿಕೆಯ ಮೊದಲ ಯತ್ನ ನಡೆದುದು 1904ರಲ್ಲಿ, ಮದರಾಸಿನಲ್ಲಿ. ನೆಲೆಯೂರಿದ ತಯಾರಿಕೆ 1914ರಲ್ಲಿ ಪೋರಬಂದರಿನಲ್ಲಿ ಮೊದಲಾಯಿತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಅಣೆಕಟ್ಟೆಯನ್ನು ಸುಣ್ಣ ಮತ್ತು ಇಟ್ಟಿಗೆಯ ಪುಡಿ ಸೇರಿದ ಸುರ್ಕಿ ಗಾರೆಯಿಂದಲೇ ಕಟ್ಟಿದರೆಂಬುದನ್ನು ನೆನೆದರೆ ಆ ಕಾಲಕ್ಕೆ ಸಿಮೆಂಟು ನಮಗೆ ಎಷ್ಟು ದೂರದ ವಸ್ತುವಾಗಿತ್ತೆಂಬುದು ತಿಳಿದೀತು.

ಈ ದೂರವನ್ನು ಕಡಿಮೆ ಮಾಡಿದ ಊರುಗಳಲ್ಲಿ ಭದ್ರಾವತಿಯೂ ಒಂದು. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರೆಯ ದಡದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪ, ಈ ಮೂರೂ ಸೇರಿ ಬೆಳೆದ ಸಂಸ್ಥೆ ಅದು. 1930ರ ದಶಕದಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯೂ ಸೇರಿಕೊಂಡಿತು. ಆ ದಶಕ ಮುಗಿಯುವ ಹೊತ್ತಿಗೆ ಸಿಮೆಂಟಿನ ಘಟಕವೂ ಬಂದಿತು. ಅದೇ ದಶಕದಲ್ಲಿ, 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಬಿದಿರನ್ನು ಬೇಯಿಸಿ, ಅದರ ನಾರನ್ನು ಬಿಡಿಸಿ, ಮತ್ತೆ ಹಾಳೆಯಾಗಿ ಹೆಣೆಯುವುದೇ ಕಾಗದದ ವಿದ್ಯೆ.

ಹೀಗೆ ಇಪ್ಪತ್ತು ವರ್ಷಗಳೊಳಗೆ ಒಂದೇ ಊರಿನಲ್ಲಿ ಕಬ್ಬಿಣ, ಸಿಮೆಂಟು, ನಾರು, ಈ ಮೂರೂ ನೆರೆಹೊರೆಯಾಗಿ ನಿಂತವು. ಕಬ್ಬಿಣವೂ ಸಿಮೆಂಟೂ ಕೈಹಿಡಿದು ಮನೆಗಳಾದವು, ಶಾಲೆಗಳಾದವು, ಸೇತುವೆಗಳಾದವು. ನಾರು ಮಾತ್ರ ಪುಸ್ತಕಕ್ಕೆ ಹಾಳೆಯಾಗಿ, ಪದಾರ್ಥಕ್ಕೆ ಚೀಲವಾಗಿ ಬೇರೆ ದಾರಿ ಹಿಡಿಯಿತು. ಕಟ್ಟಡದಲ್ಲಿ ಅದಕ್ಕೆ ಇನ್ನು ಕೆಲಸವಿಲ್ಲವೆಂದೇ ಎಲ್ಲರೂ ತಿಳಿದರು. ಕಬ್ಬಿಣಕ್ಕೂ ರೋಗ ಬರುತ್ತದೆಂಬುದು ಆಗಿನ್ನೂ ಜನಸಾಮಾನ್ಯರ ಗಮನಕ್ಕೆ ಬಂದಿರಲಿಲ್ಲ.

ಆ ರೋಗವಾದರೂ ಏನು? ಹೊಸ ಕಾಂಕ್ರೀಟಿನಲ್ಲಿ ಸುಣ್ಣದ ಅಂಶ ಬಲವಾಗಿರುತ್ತದೆ. ಆ ಕ್ಷಾರದ ನಡುವೆ ಹುದುಗಿದ ಸರಳಿನ ಮೈಮೇಲೆ ತೆಳುವಾದ ಒಂದು ಪೊರೆ ಕಟ್ಟಿಕೊಂಡು ಅದನ್ನು ತುಕ್ಕಿನಿಂದ ಕಾಯುತ್ತದೆ. ಆದರೆ ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲಾಮ್ಲವು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಸುಣ್ಣವನ್ನು ಸೀಮೆಸುಣ್ಣವಾಗಿ ಮಾರ್ಪಡಿಸುತ್ತದೆ; ಕ್ಷಾರ ಕುಗ್ಗುತ್ತದೆ; ಸರಳಿನ ಪೊರೆ ಕರಗುತ್ತದೆ. ಅದರ ಮೇಲೆ ನೀರು ಸೋರಿದರೆ ತುಕ್ಕು ಹಿಡಿಯದೆ ಇರದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗವನ್ನು ಬೇಡುತ್ತದೆ. ಜಾಗ ಎಲ್ಲಿಂದ ಬಂದೀತು? ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿ ಹೊರಕ್ಕೆ ತಳ್ಳುತ್ತದೆ. ನೆಲಕ್ಕೆ ಬಿದ್ದ ಚಕ್ಕೆ ಹೇಳುವ ಕಥೆ ಇದು. ಸರಳನ್ನು ಮುಚ್ಚಿದ ಕಾಂಕ್ರೀಟು ತೆಳುವಾದಷ್ಟೂ, ಎರಕದಲ್ಲಿ ನೀರು ಹೆಚ್ಚಾದಷ್ಟೂ ಈ ಕಥೆ ಬೇಗ ಮುಗಿಯುತ್ತದೆ. ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗೆ, ಭದ್ರಾವತಿಗಳಲ್ಲಿ ಮಳೆ ಅಷ್ಟಿಲ್ಲದಿದ್ದರೂ, ಮಳೆಗಾಲದಲ್ಲಿ ಒದ್ದೆಯಾಗಿ ಬೇಸಿಗೆಯಲ್ಲಿ ಒಣಗುವ ಚಕ್ರ ತಪ್ಪಿದ್ದಲ್ಲ. ತುಕ್ಕಿಗೆ ಬೇಕಾದ ಗಾಳಿ, ನೀರು ಎರಡನ್ನೂ ಈ ಚಕ್ರ ಸರದಿಯಂತೆ ಒದಗಿಸುತ್ತದೆ.

ಇದಕ್ಕೆ ಚಿಕಿತ್ಸೆ ಹುಡುಕಿದವರ ಚರಿತ್ರೆಯೂ ಸ್ವಾರಸ್ಯವಾಗಿದೆ. 1964ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ನಗರದ ಒಂದು ವಸತಿ ಕಟ್ಟಡದಲ್ಲಿ ತೊಲೆಗಳಿಗೆ ಹಾಕಬೇಕಾಗಿದ್ದ ಸರಳುಗಳಲ್ಲಿ ಕೆಲವು ತಪ್ಪಿಹೋದುವು. ಒಡೆಯುವ ಬದಲು ಎಂಜಿನಿಯರರು ಉಕ್ಕಿನ ತಗಡನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ತೊಲೆಯ ಕೆಳಕ್ಕೆ ಅಂಟಿಸಿದರು. ಒಳಗಿರಬೇಕಾದ ಸರಳಿನ ಕೆಲಸವನ್ನು ಹೊರಗಿನ ತಗಡು ಮಾಡಿತು. ಈ ವಿದ್ಯೆ ಬಹಳ ದೇಶಗಳಿಗೆ ಹಬ್ಬಿತಾದರೂ ತಗಡು ಭಾರ, ಎತ್ತಿ ನಿಲ್ಲಿಸುವುದು ಕಷ್ಟ, ಅದಕ್ಕೂ ತುಕ್ಕು ಹಿಡಿಯುವುದು ತಪ್ಪದು. ಸ್ವಿಟ್ಜರ್ಲೆಂಡಿನ ಉರ್ಸ್ ಮೈಯರ್ ಮತ್ತು ಅವರ ಸಂಗಡಿಗರು ಉಕ್ಕಿನ ಬದಲು ಇಂಗಾಲದ ನಾರಿನ ಪಟ್ಟಿಯನ್ನು ಅಂಟಿಸಿ ನೋಡಿದರು. 1991ರಲ್ಲಿ ಲುಸರ್ನ್ ನಗರದ ಬಳಿಯ ಇಬಾಖ್ ಸೇತುವೆಯನ್ನು ಹೀಗೆ ಸರಿಪಡಿಸಿದಾಗ 175 ಕಿಲೋಗ್ರಾಂ ಉಕ್ಕು ಬೇಕಾಗುವ ಕಡೆ 6.2 ಕಿಲೋಗ್ರಾಂ ನಾರಿನ ಪಟ್ಟಿ ಸಾಕಾಯಿತು. 1995ರ ಕೋಬೆ ಭೂಕಂಪದ ಮೇಲೆ ಜಪಾನಿನಲ್ಲಿ ಕಂಬಗಳಿಗೆ ನಾರಿನ ಹಾಳೆ ಸುತ್ತುವ ಕೆಲಸ ಬಹುವಾಗಿ ನಡೆಯಿತು. ಹುಲ್ಲು ಹೋಗಿ ಕಬ್ಬಿಣ ಬಂದಿದ್ದ ಕಡೆಗೆ ನಾರು ಹೊಸ ವೇಷದಲ್ಲಿ ಮರಳಿತು.

ಆದರೆ ಇಂಗಾಲದ ನಾರು ದುಬಾರಿ. ಅದರ ತಯಾರಿಕೆಗೆ ಬೇಕಾಗುವ ಶಾಖವೂ ಅಪಾರ. ಗದ್ದೆಯಲ್ಲಿ ಬೆಳೆಯುವ ನಾರು ಈ ಕೆಲಸಕ್ಕೆ ಬಾರದೇ ಎಂಬ ಪ್ರಶ್ನೆ ಹುಟ್ಟಿದುದು ಸಹಜ. ಆ ಪ್ರಶ್ನೆಯೂ ಪೂರ್ತಿ ಹೊಸದಲ್ಲ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಅಲ್ಯುಮಿನಿಯಂ ಸಾಲದೆ ಹೋದೀತೆಂಬ ಭಯದಿಂದ ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ನಾರ್ಮನ್ ಡಿ ಬ್ರೂಯಿನ್ ಎಂಬ ವಿಜ್ಞಾನಿಯ ಸಂಸ್ಥೆ ಅಗಸೆಯ ನಾರನ್ನು ರಾಳದಲ್ಲಿ ಅದ್ದಿ, ಒತ್ತಿ, ಅದರಿಂದ ಸ್ಪಿಟ್‌ಫೈರ್ ವಿಮಾನದ ಒಡಲನ್ನೇ ಮಾಡಿ ಪರೀಕ್ಷಿಸಿತ್ತು. ಯುದ್ಧ ಮುಗಿದ ಮೇಲೆ ಅದೇ ಸಂಸ್ಥೆ ಸಿಬಾ ಕಂಪನಿಯ ಕೈಸೇರಿತು. ಅರಾಲ್ಡೈಟ್ ಎಂಬ ಹೆಸರಿನ ಎಪಾಕ್ಸಿ ಅಂಟಿಗೆ ಡಕ್ಸ್‌ಫರ್ಡು ಹೆಸರಾಯಿತು. ನಾರೂ ಅಂಟೂ ಒಂದೇ ಮನೆಯ ಮಕ್ಕಳೆನ್ನಲು ಅಡ್ಡಿಯಿಲ್ಲ.

ಈಗ ಲೆಕ್ಕವನ್ನು ನೋಡೋಣ. ಸೆಣಬಿನ ಎಳೆ ಚದರ ಮಿಲಿಮೀಟರಿಗೆ ಸುಮಾರು 400ರಿಂದ 800 ನ್ಯೂಟನ್ ಎಳೆತವನ್ನು ತಾಳಬಲ್ಲದು. ಕಟ್ಟಡದ ಸಾಮಾನ್ಯ ಸರಳಿನ ಬಲವೂ ಇದೇ ಆಸುಪಾಸಿನದು. ತೂಕದಲ್ಲಿಯಾದರೆ ಸೆಣಬು ಉಕ್ಕಿನ ಐದನೆಯ ಒಂದು ಪಾಲು ಮಾತ್ರ. ಇಷ್ಟನ್ನೇ ಕೇಳಿ ಹಿಗ್ಗಬಾರದು. ಬಿಗುವಿನಲ್ಲಿ ಸೆಣಬು ಉಕ್ಕಿಗಿಂತ ಬಹಳ ಹಿಂದೆ. ಒಳ್ಳೆಯ ಎಳೆಯ ಬಿಗುವೂ ಉಕ್ಕಿನದರ ಏಳನೆಯ ಒಂದು ಪಾಲನ್ನು ದಾಟುವುದು ಕಷ್ಟ. ಎಂದರೆ, ಒಂದೇ ಭಾರಕ್ಕೆ ಅದು ಹೆಚ್ಚು ಹಿಗ್ಗುತ್ತದೆ. ಆದುದರಿಂದ ಒಂದರ ಮೇಲೊಂದು ಹಲವು ಪದರ ಹಾಕಬೇಕಾಗುತ್ತದೆ. ತೆಂಗಿನ ನಾರು ಇದಕ್ಕಿಂತಲೂ ಮೆತ್ತಗೆ; ಒಡೆಯುವ ಮುನ್ನ ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗಬಲ್ಲ ಗುಣ ಅದಕ್ಕಿದೆ. ಬಿರುಕು ತಡೆಯುವ ಗಾರೆಗೆ ಅದು ಒಳ್ಳೆಯದು, ಭಾರ ಹೊರುವ ಪಟ್ಟಿಗೆ ಅಷ್ಟು ಒಳ್ಳೆಯದಲ್ಲ.

ಪ್ರಯೋಗಶಾಲೆಯ ಮಾತೇನು? ತಾರಾ ಸೇನ್ ಮತ್ತು ಬೆಂಗಳೂರಿನ ಎಚ್. ಎನ್. ಜಗನ್ನಾಥ ರೆಡ್ಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಒಂದೇ ಬಗೆಯ ಕಾಂಕ್ರೀಟು ತೊಲೆಗಳಿಗೆ ಅವರು ಸೆಣಬಿನ ಬಟ್ಟೆ, ಗಾಜಿನ ನಾರು, ಇಂಗಾಲದ ನಾರು, ಈ ಮೂರನ್ನೂ ಎಪಾಕ್ಸಿಯಿಂದ ಅಂಟಿಸಿ ಮುರಿಯುವವರೆಗೆ ಭಾರ ಹೇರಿದರು. ಪೂರ್ತಿ ಸುತ್ತಿದ ತೊಲೆಗಳ ಬಾಗುಬಲ ಸೆಣಬಿನಿಂದ ನೂರಕ್ಕೆ 62.5ರಷ್ಟು, ಗಾಜಿನಿಂದ 125ರಷ್ಟು, ಇಂಗಾಲದಿಂದ 150ರಷ್ಟು ಹೆಚ್ಚಿತು. ಅಲ್ಲಲ್ಲಿ ಪಟ್ಟಿಗಳಾಗಿ ಮಾತ್ರ ಸುತ್ತಿದಾಗ ಹೆಚ್ಚಳ ಕ್ರಮವಾಗಿ 25, 37.5 ಮತ್ತು 50. ಸೆಣಬು ಮೂರನೆಯ ಸ್ಥಾನದಲ್ಲಿದೆ, ನಿಜ. ಆದರೆ ಗೋಣಿಯ ಕುಲದ ಬಟ್ಟೆಯೊಂದು ಕಾಂಕ್ರೀಟು ತೊಲೆಯ ಬಲವನ್ನು ಅರ್ಧಕ್ಕಿಂತ ಹೆಚ್ಚು ಏರಿಸಿತೆಂಬುದು ಸಣ್ಣ ಮಾತಲ್ಲ. ಎಷ್ಟೋ ಮನೆಗಳ ತೊಲೆಗೆ ಬೇಕಾಗಿರುವುದು ಇಮ್ಮಡಿ ಬಲವಲ್ಲ. ತುಕ್ಕು ತಿಂದ ಕಾಲುಭಾಗವನ್ನು ಮರಳಿ ಕೊಟ್ಟರೆ ಸಾಕು.

ಇಷ್ಟಾದರೂ ಎಚ್ಚರದ ಮಾತುಗಳನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಸಸ್ಯದ ನಾರು ನೀರನ್ನು ಹೀರುತ್ತದೆ. ಸಿಮೆಂಟಿನ ಕ್ಷಾರ ಅದರ ಎಳೆಗಳನ್ನು ಬಂಧಿಸುವ ಅಂಶವನ್ನು ಸವೆಸುತ್ತದೆ. ಆದುದರಿಂದ ನಾರನ್ನು ಮೊದಲೇ ಸಂಸ್ಕರಿಸಿ ಒಣಗಿಸಿ, ರಾಳ ಅದರ ಪ್ರತಿಯೊಂದು ಎಳೆಯನ್ನೂ ಮುಚ್ಚುವಂತೆ ತೋಯಿಸಬೇಕು. ಮಾಮೂಲಿನ ಎಪಾಕ್ಸಿ ಅಂಟು ಕುದಿಯುವ ನೀರಿಗಿಂತ ಕಡಿಮೆ ಶಾಖಕ್ಕೇ ಮೆತ್ತಗಾಗುವುದರಿಂದ ಬೆಂಕಿಗೆ ಈ ಕಟ್ಟು ನಿಲ್ಲದು. ನಾರಿನ ಕಟ್ಟು ಒಂದು ವೇಳೆ ಬಿಟ್ಟುಹೋದರೂ ದಿನನಿತ್ಯದ ಭಾರವನ್ನು ತೊಲೆ ತಾನಾಗಿಯೇ ಹೊರುವಂತಿರಬೇಕೆಂಬುದು ಈ ವಿದ್ಯೆಯಲ್ಲಿ ಎಲ್ಲರೂ ಒಪ್ಪಿರುವ ನಿಯಮ. ಕುಸಿಯುವ ಸ್ಥಿತಿಗೆ ಬಂದ ತೊಲೆಗೆ ಯಾವ ಬಟ್ಟೆ ಸುತ್ತಿದರೂ ಅದು ಚಿಕಿತ್ಸೆಯಾಗದು. ಅಮೆರಿಕದ ಕಾಂಕ್ರೀಟ್ ಸಂಸ್ಥೆ 2002ರಲ್ಲಿ ಹೊರತಂದ ಮಾರ್ಗಸೂಚಿ ಗಾಜು, ಇಂಗಾಲ ಮತ್ತು ಅರಾಮಿಡ್ ಎಂಬ ಕೃತಕ ನಾರಿಗೆ ಮಾತ್ರ ಅನ್ವಯಿಸುತ್ತದೆ. ಸಸ್ಯದ ನಾರಿಗೆ ಅಂಥ ಭರವಸೆ ದೊರೆಯಬೇಕಾದರೆ ಹಲವು ಮಳೆಗಾಲಗಳನ್ನು ಅದು ದಾಟಿ ತೋರಿಸಬೇಕು.

ಚಿಕಿತ್ಸೆಯ ಕ್ರಮವನ್ನು ಮನೆಯ ಯಜಮಾನನೂ ಯಜಮಾನಿಯೂ ತಿಳಿದಿರುವುದು ಒಳ್ಳೆಯದು. ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ಕಂಡುಹಿಡಿದು ನಿಲ್ಲಿಸಬೇಕು. ಸೋರುವ ತಾರಸಿಯ ಕೆಳಗೆ ಮಾಡಿದ ರಿಪೇರಿಯೆಲ್ಲ ವ್ಯರ್ಥ. ಬಳಿಕ ತೊಲೆಗೆ ಊರೆ ಕೊಟ್ಟು, ಸಡಿಲವಾದ ಕಾಂಕ್ರೀಟನ್ನು ಗಟ್ಟಿ ಸಿಗುವ ತನಕ ಕೆತ್ತಬೇಕು. ಸರಳಿನ ತುಕ್ಕನ್ನು ಪೂರ್ತಿ ಉಜ್ಜಿ ತೆಗೆದು, ತುಕ್ಕು ತಡೆಯುವ ಲೇಪ ಕೊಟ್ಟು, ಹೊಸ ಗಾರೆಯಿಂದ ತುಂಬಬೇಕು. ಅದು ಆರಿದ ಮೇಲೆ ಮೂಲೆಗಳನ್ನು ದುಂಡಗೆ ಮಾಡಿ, ಅಂಟು ಹಚ್ಚಿ, ಬಟ್ಟೆಯನ್ನು ಗಾಳಿಗುಳ್ಳೆ ಉಳಿಯದಂತೆ ಒತ್ತಿ ಕೂರಿಸಿ, ಮೇಲೆ ರಕ್ಷಣೆಯ ಲೇಪ ಕೊಡಬೇಕು. ಯಾವ ನಾರು, ಎಷ್ಟು ಪದರ ಎಂಬುದನ್ನು ನಿರ್ಧರಿಸಬೇಕಾದವರು ತೊಲೆಯನ್ನು ಪರೀಕ್ಷಿಸಿ ನೋಡಿದ ಎಂಜಿನಿಯರರೇ ಹೊರತು ಅಂಟು ಮಾರುವವರಲ್ಲ. ತುಕ್ಕನ್ನು ಒಳಗೇ ಬಿಟ್ಟು ಮೇಲೆ ಸಿಮೆಂಟು ಸವರಿಸಿಕೊಂಡವರು ಹಣವನ್ನಷ್ಟೇ ಅಲ್ಲ, ಮುಂದಿನ ಬಿರುಕಿನ ಮುನ್ಸೂಚನೆಯನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ನಮ್ಮ ಸೀಮೆಯ ಪಾಲು. ಸೆಣಬು ಬಂಗಾಳದ ಬೆಳೆ. ಹೂಗ್ಲಿ ನದಿಯ ದಡದ ರಿಶ್ರಾದಲ್ಲಿ 1855ರಲ್ಲಿ ಮೊದಲ ಗಿರಣಿ ಎದ್ದಂದಿನಿಂದ ಅದರ ಉದ್ಯಮ ಬಹುಮಟ್ಟಿಗೆ ಅಲ್ಲಿಯೇ ನೆಲೆಸಿದೆ. ಆದರೆ ಶಿವಮೊಗ್ಗೆಯ ಸುತ್ತ ಅಡಿಕೆಯ ತೋಟಗಳಿವೆ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಿಪ್ಪೆ. ಆ ಸಿಪ್ಪೆಯ ತುಂಬ ನಾರು. ಸುಲಿದ ಮೇಲೆ ಅದು ತಿಪ್ಪೆಗೋ ಒಲೆಗೋ ರಸ್ತೆಯ ಬದಿಗೋ ಹೋಗುವುದನ್ನು ಸುಗ್ಗಿಯ ಕಾಲದಲ್ಲಿ ನಾವೆಲ್ಲ ಕಂಡಿದ್ದೇವೆ. ಸುರತ್ಕಲ್, ದಾವಣಗೆರೆಗಳ ಎಂಜಿನಿಯರಿಂಗ್ ಸಂಸ್ಥೆಗಳಲ್ಲಿ ಈ ನಾರನ್ನು ರಾಳದೊಡನೆ ಸೇರಿಸಿ ಹಲಗೆ ಮಾಡಿ ಪರೀಕ್ಷಿಸಿದ ಫಲಿತಾಂಶಗಳು ಪ್ರಕಟವಾಗಿವೆ. ಅಡಿಕೆಯ ನಾರು ಗಿಡ್ಡ. ಸೆಣಬಿನಂತೆ ನೂತು ನೇಯಲು ಬಾರದು. ಆದುದರಿಂದ ತೊಲೆಯ ಹೊಟ್ಟೆಯ ಪಟ್ಟಿಯಾಗುವುದಕ್ಕಿಂತ, ಬಿರುಕು ತುಂಬುವ ಗಾರೆಯಲ್ಲಿ, ಭಾರ ಹೊರದ ಹಲಗೆಯಲ್ಲಿ ಅದಕ್ಕೆ ತಕ್ಕ ಕೆಲಸ ದೊರೆತೀತು. ಶಿವಮೊಗ್ಗೆಯಲ್ಲಿ 1980ರಿಂದ ಎಂಜಿನಿಯರಿಂಗ್ ಕಾಲೇಜು ಇದೆ; ನಾರು ಇದೆ; ಸರಿಪಡಿಸಬೇಕಾದ ತೊಲೆಗಳಿಗೂ ಕೊರತೆಯಿಲ್ಲ. ಪ್ರಯೋಗಕ್ಕೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಾಗದು.

ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ 2015ರ ಸುಮಾರಿಗೆ ನಿಂತಿತು. ನಾರನ್ನು ಬಿಡಿಸುವುದು, ತೊಳೆಯುವುದು, ಹದಮಾಡುವುದು, ಒತ್ತುವುದು ಕೈವಶವಾಗಿದ್ದ ಕೆಲಸಗಾರರ ಒಂದು ತಲೆಮಾರು ಆ ಊರಿನಲ್ಲಿ ಬೆಳೆದಿತ್ತು. ಯಂತ್ರ ನಿಂತರೆ ಮತ್ತೆ ತರಬಹುದು; ಕೈಯಲ್ಲಿದ್ದ ವಿದ್ಯೆ ಮಕ್ಕಳಿಗೆ ದಾಟದೆ ಹೋದರೆ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಹಳೆಯ ಮನೆಗಳನ್ನು ಉಳಿಸುವ ಈ ಕೆಲಸ ಅಂಥ ಕೈಗಳಿಗೆ ಹೊಸ ಉದ್ಯೋಗವಾದರೆ ಲಾಭ ಎರಡು ಕಡೆಗೂ ಉಂಟು.

ಒಂದು ಮನೆಯ ಕಾಂಕ್ರೀಟಿನಲ್ಲಿ ಎಷ್ಟೋ ಮೂಟೆ ಸಿಮೆಂಟು, ಎಷ್ಟೋ ಗಾಡಿ ಹೊಳೆಯ ಮರಳು, ಎಷ್ಟೋ ಗುಡ್ಡದ ಕಲ್ಲು ಅಡಗಿವೆ. ಒಡೆದು ಹಾಕಿದರೆ ಅದೆಲ್ಲ ಕಸ. ಮತ್ತೆ ಕಟ್ಟಬೇಕಾದರೆ ಅಷ್ಟನ್ನೂ ತುಂಗೆ ಭದ್ರೆಯರ ಸೀಮೆಯಿಂದಲೇ ಮತ್ತೊಮ್ಮೆ ಕೀಳಬೇಕು. ಉಳಿಸಬಹುದಾದ ತೊಲೆಯನ್ನು ಉಳಿಸುವುದು ಆ ಮನೆಯವರಿಗೆ ಮಾತ್ರವಲ್ಲ, ಹೊಳೆಗೂ ಗುಡ್ಡಕ್ಕೂ ಉಪಕಾರ. ಅದಕ್ಕೆ ಉಕ್ಕು ಬೇಕಾದ ಕಡೆ ಉಕ್ಕು, ಇಂಗಾಲದ ನಾರು ಬೇಕಾದ ಕಡೆ ಇಂಗಾಲದ ನಾರು, ಸೆಣಬು ಸಾಕಾಗುವ ಕಡೆ ಸೆಣಬು. ಯಾವುದು ಎಲ್ಲಿ ಎಂಬ ವಿವೇಕ ಇರಬೇಕು; ಅದಕ್ಕೂ ಮೊದಲು, ಈ ಮಳೆಗಾಲ ಬರುವ ಮುನ್ನ ನಮ್ಮ ನಮ್ಮ ಮನೆಯ ತೊಲೆಯ ಕೆಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಬೇಕು.